ಒಡೆದ ಫೋನಿನ ಬೇಬಾಕಿ ಪತ್ರ

ದೆಹಲಿಯ ಸರ್ಕಾರಿ ವಸತಿಗೃಹಗಳಲ್ಲಿ ಬದುಕುವ ನಮ್ಮಂಥ ಗುಮಾಸ್ತರ ಕುಟುಂಬಗಳಿಗೆ ಒಂದು ವಿದ್ಯೆ ಚೆನ್ನಾಗಿ ಗೊತ್ತು: ಮನೆ ಖಾಲಿ ಮಾಡುವುದು. ಸಾಮಾನು ಲಾರಿಗೆ ಹತ್ತಿಸಿ, ನೆಲ ಗುಡಿಸಿ ಹೊರಟ ಮಾತ್ರಕ್ಕೆ ಮನೆ ಬಿಟ್ಟಂತಾಗುವುದಿಲ್ಲ. ಕೀಲಿಕೈ ಒಪ್ಪಿಸಬೇಕು, ಬಾಕಿ ತೀರಿಸಬೇಕು, ಬೇಬಾಕಿ ಪತ್ರ ಕೈಗೆ ಬರಬೇಕು. ಅಲ್ಲಿಯವರೆಗೆ ರಿಜಿಸ್ಟರಿನಲ್ಲಿ ನಮ್ಮ ಹೆಸರೇ. ಒಡೆದ ಮೊಬೈಲ್ ಫೋನೊಂದನ್ನು ಬಿಡಿಭಾಗಗಳಿಗಾಗಿ ಮಾರಲು ಹೊರಟಾಗ ನಮಗೆ ಉಪಯೋಗಕ್ಕೆ ಬಂದದ್ದು ಈ ವಿದ್ಯೆಯೇ.

ಫೋನು ಅಮ್ಮನದು, ಅದಕ್ಕೂ ಮೊದಲು ತಂದೆಯವರದು. 2022ರಲ್ಲಿ ಅವರು ತೀರಿಕೊಂಡ ಮೇಲೆ ಅಮ್ಮ ತಿಪಟೂರಿನ ಮನೆಗೆ ಬೀಗ ಹಾಕಿ ನಮ್ಮೊಡನೆ ಬಂದರು. ಫೋನೂ ಬಂತು. ಕಳೆದ ಚಳಿಗಾಲದಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಅದು ಸೊಂಟದಿಂದ ಜಾರಿ ಎರಡನೆಯ ಮಹಡಿಯಿಂದ ಅಂಗಳಕ್ಕೆ ಬಿತ್ತು. ಗಾಜು ಜೇಡರಬಲೆಯಾಯಿತು. ಚಿತ್ರ ಕಾಣುತ್ತಿತ್ತು, ಕರೆ ಬಂದರೆ ಕೂಗುತ್ತಿತ್ತು, ಆದರೆ ಬೆರಳಿಟ್ಟರೆ ಓಗೊಡುತ್ತಿರಲಿಲ್ಲ. ಹೊಸ ಪರದೆ ಹಾಕಿಸಲು ತಗಲುವ ಹಣಕ್ಕೆ ಇನ್ನಷ್ಟು ಸೇರಿಸಿದರೆ ಹೊಸ ಫೋನೇ ಬರುತ್ತದೆ ಎಂದು ಲೆಕ್ಕ ಹಾಕಿ, ಮಾರಿಬಿಡೋಣವೆಂದೆವು.

ಅಮ್ಮ ಬೇಡವೆನ್ನಲಿಲ್ಲ. “ಮಾರೋದಾದ್ರೆ ಮಾರ್ರಪ್ಪ, ಅದರೊಳಗೆ ನಿಮ್ಮಪ್ಪನ ಲೆಕ್ಕ ಇದೆ, ನೋಡ್ಕೊಳ್ಳಿ” ಎಂದರು.

ಲೆಕ್ಕವೆಂದರೆ ಇಷ್ಟೇ. ಕೊನೆಯ ದಿನಗಳಲ್ಲಿ ಕೈ ನಡುಗಿ ಬರೆಯಲಾಗದೆ ತಂದೆಯವರು ಮನೆಯ ಖರ್ಚನ್ನು ಫೋನಿಗೆ ಹೇಳಿ ದನಿಮುದ್ರಿಸುತ್ತಿದ್ದರು. ಹಾಲಿನವನಿಗೆ ಇಷ್ಟು, ಔಷಧಿಗೆ ಇಷ್ಟು, ತೆಂಗಿನಕಾಯಿ ಕೆಡವಿದವನಿಗೆ ಇಷ್ಟು. ಹನ್ನೊಂದು ಮುದ್ರಣಗಳು. ಅಮ್ಮ ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೊಮ್ಮೆ ಅವನ್ನು ಹಾಕಿಕೊಂಡು ಕೂರುತ್ತಿದ್ದರು.

ಮೊದಲು ಬೆಲೆ ವಿಚಾರಿಸಲು ಕರೋಲ್ ಬಾಗಿನ ಗಫ್ಫಾರ್ ಮಾರ್ಕೆಟ್ಟಿಗೆ ಹೋದೆವು. ಗಡಿನಾಡ ಗಾಂಧಿ ಖಾನ್ ಅಬ್ದುಲ್ ಗಫ್ಫಾರ್ ಖಾನರ ಹೆಸರು ಹೊತ್ತ ಈ ಬಜಾರಿನಲ್ಲಿ ಫೋನಿನ ಒಂದೊಂದು ಅಂಗಕ್ಕೂ ಗಿರಾಕಿಗಳುಂಟು. ಅಂಗಡಿಯವನು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ಅಕೌಂಟ್ ತೆಗೆದಿದ್ದೀರಾ? ತೆಗೆದಿದ್ದರೆ 1,400 ರೂಪಾಯಿ, ಇಲ್ಲದಿದ್ದರೆ 300. ಬೀಗವಿದ್ದರೆ ಕ್ಯಾಮರಾ, ಬ್ಯಾಟರಿ, ಸ್ಪೀಕರುಗಳಷ್ಟೇ ಅವನಿಗೆ ದಕ್ಕುತ್ತವೆ. ಫೋನಿನ ಹೃದಯವಾದ ಬೋರ್ಡು ಬೇರೆ ಪರದೆಯಡಿ ಕೂತರೂ ಹಳೆಯ ಯಜಮಾನನ ಗುರುತನ್ನೇ ಕೇಳುತ್ತದೆ.

ಓದುಗ ಮಹನೀಯರು ಇದನ್ನು ಕಂಪನಿಗಳ ಕಿರುಕುಳವೆಂದು ಭಾವಿಸಬಾರದು. ಕದ್ದ ಫೋನನ್ನು ಅಳಿಸಿ ಹೊಸದರಂತೆ ಮಾರುವುದು ಒಂದು ಕಾಲಕ್ಕೆ ಸುಲಭವಾಗಿತ್ತು. ಅದನ್ನು ತಡೆಯಲು 2013ರಲ್ಲಿ ಐಫೋನಿಗೂ, 2015ರಲ್ಲಿ ಆಂಡ್ರಾಯ್ಡ್ ಫೋನುಗಳಿಗೂ ಈ ಬೀಗ ಬಂತು. 2024ರಲ್ಲಿ ಆಪಲ್ ಕಂಪನಿ ಇದನ್ನು ಬ್ಯಾಟರಿ, ಕ್ಯಾಮರಾ, ಪರದೆಗಳಂಥ ಬಿಡಿಭಾಗಗಳಿಗೂ ವಿಸ್ತರಿಸಿತು. ಹೊರಗಿನ ಗುಂಡಿಗಳನ್ನು ಒತ್ತಿ ಹಿಡಿದು ಫೋನನ್ನು ಅಳಿಸಿದರೆ ಗೋಡೆಗೆ ಸುಣ್ಣ ಬಳಿದಂತೆ ಅಷ್ಟೇ. ರಿಜಿಸ್ಟರಿನ ಹೆಸರು ಹೋಗುವುದಿಲ್ಲ. ಯಜಮಾನನು ತನ್ನ ಗುಪ್ತಸಂಖ್ಯೆ ಕೊಟ್ಟು ಒಳಬಂದು, ಸೆಟ್ಟಿಂಗ್ಸ್‌ನಲ್ಲಿ ಖಾತೆ ತೆಗೆದು, ಆಮೇಲೆ ಅಳಿಸಬೇಕು. ಆಗಲೇ ಅದು ಬೇಬಾಕಿ.

ಕಚೇರಿಯ ಮಿತ್ರರೊಬ್ಬರು ಸುಲಭದ ದಾರಿ ಹೇಳಿದರು: ಐನೂರು ರೂಪಾಯಿಗೆ ಇಂಥ ಬೀಗ ಒಡೆದುಕೊಡುವವರಿದ್ದಾರೆ, ಹೆಚ್ಚು ಕೇಳುವುದೂ ಇಲ್ಲವಂತೆ. ಆ “ಹೆಚ್ಚು ಕೇಳುವುದೂ ಇಲ್ಲ” ಎಂಬ ಮಾತೇ ನಮಗೆ ಹಿಡಿಸಲಿಲ್ಲ. ನಮ್ಮನ್ನು ಕೇಳದವನು ಬಸ್ಸಿನಲ್ಲಿ ಜೇಬು ಕತ್ತರಿಸಿದವನನ್ನೂ ಕೇಳುವುದಿಲ್ಲ. ಮೇಲಾಗಿ, ಒಡೆಯುವಾಗ ಒಳಗಿನದೆಲ್ಲ ಅಳಿದುಹೋದರೆ ತಂದೆಯವರ ಹಾಲಿನ ಲೆಕ್ಕವನ್ನು ಯಾರು ತಂದುಕೊಟ್ಟಾರು?

ಬೆರಳಿಗೆ ಓಗೊಡದ ಫೋನಿನ ಒಳಹೋಗುವ ದಾರಿಯನ್ನು ತೋರಿಸಿದ್ದು ಹನ್ನೊಂದನೆಯ ತರಗತಿಯ ನಮ್ಮ ಮಗಳು. ಓಟಿಜಿ ಎಂಬ ಚಿಕ್ಕ ಜೋಡಣೆಯನ್ನು ಚಾರ್ಜಿನ ತೂತಿಗೆ ಸಿಕ್ಕಿಸಿ, ಅದಕ್ಕೆ ಕಂಪ್ಯೂಟರಿನ ಮೌಸ್ ಹಾಕಿದಳು. ಒಡೆದ ಗಾಜಿನಡಿ ಪುಟ್ಟ ಬಾಣವೊಂದು ಓಡಾಡತೊಡಗಿತು. ಬಿ.ಎಸ್ಸಿ. ಓದಿದ ನಮ್ಮ ವಿಜ್ಞಾನದ ಅಭಿಮಾನ ಅಲ್ಲಿಗೆ ಬದಿಗೆ ಸರಿಯಿತು. ನಾಲ್ಕು ಅಂಕಿಗಳನ್ನು ಅಮ್ಮ ಹೇಳಿದರು: ಅವರ ಮದುವೆಯಾದ ವರ್ಷ.

ಹನ್ನೊಂದು ಮುದ್ರಣಗಳೂ ಫೋಟೋಗಳೂ ಮಗಳ ಫೋನಿಗೂ ಕಂಪ್ಯೂಟರಿಗೂ ಹೋದವು. ಎರಡೂ ಕಡೆ ಹಾಕಿ ಕೇಳಿ ನೋಡಿದೆವು. ಬ್ಯಾಂಕಿನ ಆ್ಯಪುಗಳಿಂದ ಹೊರಬಂದು ಸಿಮ್ ತೆಗೆದೆವು. ಖಾತೆ ಇದ್ದದ್ದು ತಂದೆಯವರ ಹೆಸರಿನಲ್ಲೇ. ಅದರ ಪಾಸ್‌ವರ್ಡನ್ನು ಅವರು ಹಳೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದರು. ಅದರಿಂದ ಖಾತೆಯನ್ನು ಅಮ್ಮನ ಹೊಸ ಫೋನಿಗೆ ಸೇರಿಸಿದೆವು. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ.

ಕೊನೆಗೆ ಹಳೆಯ ಫೋನಿನಲ್ಲಿ ತಂದೆಯವರ ಹೆಸರು, ಅದರ ಕೆಳಗೆ ‘ಖಾತೆ ತೆಗೆಯಿರಿ’ ಎಂಬ ಗುಂಡಿ. ಮೌಸನ್ನು ಅಮ್ಮನ ಕೈಗೆ ಕೊಟ್ಟೆವು. ಅವರು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು.

“ಇದನ್ನೊತ್ತಿದ್ರೆ ಅವರ ಖಾತೆ ಹೋಗ್ಬಿಡುತ್ತೇನೋ?”

“ಇಲ್ಲಮ್ಮ, ಈ ಫೋನು ಬಿಡ್ತಾರೆ ಅಷ್ಟೆ. ಹೊಸದರಲ್ಲಿ ಆಗಲೇ ಇದಾರೆ.”

ಒತ್ತಿದರು. ಆಮೇಲಿನ ಅಳಿಸುವ ಕೆಲಸ ಕೆಲವು ನಿಮಿಷದ್ದು. ಈಗಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ. ಅಳಿಸುವುದೆಂದರೆ ಆ ಲಿಪಿಯನ್ನು ಓದುವ ಕೀಲಿಯನ್ನೇ ನಾಶಮಾಡುವುದು.

ಅಂಗಡಿಯವನು ಹೇಳಿದ 1,400ನ್ನೇ ಕೊಟ್ಟ. ಫೋನಿನ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಬರೆಸಿ ರಸೀದಿ ಪಡೆದೆವು. ಗುರುತಿನ ಚೀಟಿಯ ನಕಲಿನ ಮೇಲೆ ಯಾವ ಕೆಲಸಕ್ಕೆಂದು ಬರೆದು ಸಹಿ ಹಾಕಿದೆವು. ಹಳೆಯ ಫೋನು ಕೊಳ್ಳುವವರಿಗೂ ಒಂದು ಮಾತು: 2023ರಲ್ಲಿ ಕೇಂದ್ರ ಸರ್ಕಾರ ತೆರೆದ ‘ಸಂಚಾರ್ ಸಾಥಿ’ಯಲ್ಲಿ ಇದೇ ಸಂಖ್ಯೆ ಕೊಟ್ಟು ಆ ಫೋನು ನಿರ್ಬಂಧಿತ ಪಟ್ಟಿಯಲ್ಲಿದೆಯೇ ಎಂದು ನೋಡಬಹುದು.

ಊರಿನ ಮನೆಯ ಬೀಗದ ಕೈ ಎಲ್ಲಿದೆಯೆಂದು ನಮ್ಮ ಹಿರಿಯರು ಮನೆಯಲ್ಲಿ ಒಬ್ಬರಿಗಾದರೂ ಹೇಳಿಯೇ ಇರುತ್ತಾರೆ. ಫೋನಿನ ಕೀಲಿಯನ್ನೂ ಹಾಗೆಯೇ ಒಬ್ಬ ನಂಬಿಗಸ್ಥರಿಗೆ ತಿಳಿಸಿಡುವುದು ಒಳ್ಳೆಯದು. ಲೆಕ್ಕದ ಪುಸ್ತಕದ ಆ ಹಾಳೆ ಇಲ್ಲದಿದ್ದರೆ, ಅಮ್ಮನಿಗೆ ಆ ನಾಲ್ಕು ಅಂಕಿ ನೆನಪಿಲ್ಲದಿದ್ದರೆ, ಹನ್ನೊಂದು ಮುದ್ರಣಗಳು 300 ರೂಪಾಯಿಯ ಗುಜರಿಯ ಜೊತೆಗೇ ಹೋಗುತ್ತಿದ್ದವು.

ಮೊನ್ನೆ ಸಂಜೆ ಅಮ್ಮ ಹೊಸ ಫೋನಿನಲ್ಲಿ ಏಳನೆಯದನ್ನು ಹಾಕಿಕೊಂಡಿದ್ದರು. ನಡುವೆ ನಿಲ್ಲಿಸಿ ನಮ್ಮನ್ನು ಕರೆದರು. “ಕೇಳಿದ್ರಾ? ಆ ತಿಂಗಳು ಹಾಲಿನವನಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೊಟ್ಬಿಟ್ಟಿದಾರೆ ನಿಮ್ಮಪ್ಪ!”