ವಾನವಡಿಯ ಪಾಟೀಲ

ಊರಿಂದ ಬಂದ ನೆಂಟರಿಗೆ ಶನಿವಾರವಾಡೆ, ಪರ್ವತಿ, ಆಗಾಖಾನ್ ಅರಮನೆ ತೋರಿಸಿ ರೈಲು ಹತ್ತಿಸುವುದು ಪುಣೆಯ ಕನ್ನಡಿಗರಾದ ನಮ್ಮ ಪದ್ಧತಿ. ವಾನವಡಿಯ ಶಿಂದೆ ಛತ್ರಿಗೆ ಹೋಗುವವರು ಕಡಿಮೆ. ಕಳೆದ ಮಳೆಗಾಲದ ಒಂದು ಭಾನುವಾರ ಸಂಘದ ಏಳೆಂಟು ಮಂದಿ ಕೂಡಿ ಹೊರಟೆವು.

1794ರ ಫೆಬ್ರವರಿ 12ರಂದು ಮಹಾದಜಿ ಶಿಂದೆ ತೀರಿಕೊಂಡದ್ದು ಈ ವಾನವಡಿಯಲ್ಲೇ. ಗರ್ಭಗುಡಿ ಕರಿಕಲ್ಲಿನದು, ಅದರ ಮುಂದಿನ ವಿಶಾಲ ಮಂಟಪವನ್ನು ಗ್ವಾಲಿಯರಿನ ಅರಸರು ಆಮೇಲೆ ಕಟ್ಟಿಸಿದರು. ಒಳಗೆ ಕೊಡೆ ಬಿಚ್ಚುವಂತಿಲ್ಲ. ಸರದಾರನಿಗೆ ಅಗೌರವವಂತೆ! ತೊಟ್ಟಿಕ್ಕುವ ಕೊಡೆಗಳನ್ನು ಮಡಿಚಿ ಹಿಡಿದು ನಿಂತೆವು.

1761ರಲ್ಲಿ ಪಾಣಿಪತ್‌ನ ಸೋಲಿನ ದಿನ ಕಾಲಿಗೆ ಪೆಟ್ಟು ತಿಂದು ಬಿದ್ದಿದ್ದ ಮಹಾದಜಿಯನ್ನು ರಾಣೆಖಾನ್ ಎಂಬ ನೀರು ಹೊರುವವನು ತನ್ನ ಎತ್ತಿನ ಮೇಲೆ ಹೇರಿಕೊಂಡು ಉಳಿಸಿದನೆಂದು ಹೇಳುತ್ತಾರೆ. ಕಾಲು ಕುಂಟಾಗಿಯೇ ಉಳಿಯಿತು. ಮಹಾದಜಿ ರಾಣೆಖಾನನನ್ನು ಸೋದರನೆಂದು ಕರೆದು ದಂಡಿನಲ್ಲಿ ದೊಡ್ಡ ಪದವಿ ಕೊಟ್ಟ. 1784ರಲ್ಲಿ ದಿಲ್ಲಿ ಬಾದಶಹನ ಆಡಳಿತವೇ ಕೈಗೆ ಬಂದ ಮೇಲೂ ತಾನು ಬರಿಯ ‘ಪಾಟೀಲ’ ಎನ್ನುತ್ತಿದ್ದ. ನಮ್ಮೊಡನೆ ಬಂದಿದ್ದ ವಿಜಾಪುರ ಸೀಮೆಯ ಪಾಟೀಲರ ಎದೆ ಎರಡಿಂಚು ಉಬ್ಬಿದ್ದನ್ನು ನಾವೆಲ್ಲ ನೋಡಿದೆವು.

ಆದರೆ ಮೈಸೂರಿನ ನಮ್ಮ ಹಿರಿಯರೊಬ್ಬರು ಕೈಮುಗಿಯಲಿಲ್ಲ. “ಯಾಕೆ ರಾಯರೇ?” ಎಂದದ್ದಕ್ಕೆ, “ಸಾಲಬಾಯಿ” ಎಂದರು, ಅಷ್ಟೆ.

ವಿಷಯ ಇಷ್ಟು. 1780ರಲ್ಲಿ ಹೈದರಾಲಿ ಪುಣೆಯವರ ಜೊತೆಗೂಡಿ ಇಂಗ್ಲಿಷರ ಮೇಲೆ ಬಿದ್ದ. ಅವನಿನ್ನೂ ರಣರಂಗದಲ್ಲಿರುವಾಗಲೇ, 1782ರ ಮೇ 17ರಂದು, ಮಹಾದಜಿಯ ಮಧ್ಯಸ್ಥಿಕೆಯಲ್ಲಿ ಸಾಲಬಾಯಿ ಒಪ್ಪಂದವಾಯಿತು. ಹೈದರ್ ತಾನು ಗೆದ್ದದ್ದನ್ನು ಹಿಂತಿರುಗಿಸಬೇಕೆಂಬ ಕಲಮೂ ಅದರಲ್ಲಿತ್ತು. ಪುಣೆಗೆ ಇಪ್ಪತ್ತು ವರ್ಷ ಶಾಂತಿ ಸಿಕ್ಕಿತು, ನಿಜ. ಜೊತೆಗಾರ ಒಂಟಿಯಾದ.

ಗುಂಪಿನಲ್ಲಿದ್ದ ಒಬ್ಬ ತಾಯಿ ಅಮೆರಿಕದಲ್ಲಿರುವ ಮಗನ ಮನೆಗೆ ಹೋದಾಗ ಮೌಂಟ್ ವರ್ನನ್‌ನಲ್ಲಿ ವಾಷಿಂಗ್ಟನ್ನರ ಸಮಾಧಿ ನೋಡಿ ಬಂದವರು. ಹೊಳೆಯ ದಂಡೆಯ ಎಸ್ಟೇಟಿನಲ್ಲಿ ಇಟ್ಟಿಗೆಯ ಸಾದಾ ಗೋರಿ. ಉಯಿಲಿನಲ್ಲಿ ಹಾಗೆಂದೇ ಬರೆದಿದ್ದರಂತೆ. ವಾಷಿಂಗ್ಟನ್ ಮತ್ತು ಮಹಾದಜಿ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. 1781ರಲ್ಲಿ ಆ ವಾಷಿಂಗ್ಟನ್ನರಿಗೆ ಶರಣಾದ ಸೈನ್ಯದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದದ್ದು. ಆಗ ಪುಣೆಯ ದಂಡೂ ನಿಜಾಮನ ದಂಡೂ ಅವನ ಪಕ್ಕದಲ್ಲಿದ್ದವು. ಅಲ್ಲಿ ಹದಿಮೂರು ಸೀಮೆಗಳು ಒಟ್ಟಾಗಿ ನಿಂತವು, ಇಲ್ಲಿ ಮೂವರು ಕೂಡಿ ನಿಲ್ಲಲಿಲ್ಲ ಎಂದು ಆ ತಾಯಿ ಅಂದಾಗ ಪಾಟೀಲರೂ ಸುಮ್ಮನಾದರು.

ಇಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದುವ ನಮ್ಮ ಹುಡುಗನೊಬ್ಬ, “ಅಜ್ಜ, ಮಹಾದಜಿ ನಮ್ಮವರಾ, ಅವರವರಾ?” ಎಂದು ಕೇಳಿಯೇ ಬಿಟ್ಟ.

ರಾಯರು ಸ್ವಲ್ಪ ಹೊತ್ತು ಯೋಚಿಸಿದರು. “ಅದು ನನಗೆ ಕಷ್ಟದ ಲೆಕ್ಕ ಮರಿ. ಕೈಮುಗಿಯುವುದೇ ಆದರೆ ಆ ರಾಣೆಖಾನನಿಗೆ ಮುಗಿಯುತ್ತೇನೆ.”

ಪಾಟೀಲರು ಒಪ್ಪಲಿಲ್ಲ. ನೀರು ಹೊರುವವನನ್ನು ಸೋದರನೆಂದವನಿಗೂ ಒಂದು ನಮಸ್ಕಾರ ಸಲ್ಲಬೇಕೆಂದು ಅವರ ವಾದ. ಕ್ಯಾಂಪಿನ ಹೋಟೆಲಿನಲ್ಲಿ ಎರಡನೆಯ ಚಹಾ ಬಂದಾಗಲೂ ಅದು ಮುಗಿದಿರಲಿಲ್ಲ.