ನಕಾಶೆಯ ಕೆಂಪು ಬಣ್ಣ

ನಾವು ಕತೆಗಾರರಿಗೆ ಅನ್ಯಾಯದ ಜೊತೆಗೆ ಅದನ್ನು ಮಾಡುವವನೂ ಬೇಕು. ಜಮೀನ್ದಾರನೋ, ಪೊಲೀಸನೋ, ಬಡ್ಡಿ ಸಾಹುಕಾರನೋ ಯಾರಾದರೊಬ್ಬ ಪ್ರವೇಶಿಸದೆ ನಮ್ಮ ಕತೆ ಮುಂದಕ್ಕೆ ಸಾಗುವುದಿಲ್ಲ. ಆದರೆ ಅಮೆರಿಕದ ನಗರ ಇತಿಹಾಸಕಾರ ಕೆನೆತ್ ಟಿ. ಜ್ಯಾಕ್ಸನ್ ಅವರನ್ನು ಓದಿದಾಗ ಬೇರೆಯೇ ಬಗೆಯ ಕತೆ ಎದುರಾಗುತ್ತದೆ. ಅಲ್ಲಿ ಯಾರೂ ಕೂಗಾಡುವುದಿಲ್ಲ, ಯಾರೂ ಕಲ್ಲೆಸೆಯುವುದಿಲ್ಲ. ಒಂದು ಫಾರಂ ಇದೆ, ಒಂದು ನಕಾಶೆ ಇದೆ, ನಾಲ್ಕು ಬಣ್ಣಗಳಿವೆ. ಅಷ್ಟರಿಂದಲೇ ಒಂದು ಜನಾಂಗದ ಎರಡು ಮೂರು ತಲೆಮಾರುಗಳ ಬದುಕು ಕುಸಿದುಹೋಗುತ್ತದೆ.

ಜ್ಯಾಕ್ಸನ್ ಹುಟ್ಟಿದ್ದು 1939ರಲ್ಲಿ, ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ. ಬಿಳಿಯರು ಮತ್ತು ಕಪ್ಪು ಜನರು ಒಂದೇ ಶಾಲೆಯಲ್ಲಿ ಕೂರಲಾಗದಿದ್ದ ದಕ್ಷಿಣದ ಊರು ಅದು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ, 1968ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಧ್ಯಾಪಕ ವೃತ್ತಿಯನ್ನು ಅಲ್ಲಿಯೇ ಕಳೆದರು. ರಾತ್ರಿಯಿಡೀ ವಿದ್ಯಾರ್ಥಿಗಳನ್ನು ಸೈಕಲ್ಲಿನ ಮೇಲೆ ನ್ಯೂಯಾರ್ಕ್ ಸುತ್ತಿಸಿ, ಬೀದಿ ಬೀದಿಯಲ್ಲಿ ನಿಂತು ಪಾಠ ಹೇಳುವ ಮೇಷ್ಟ್ರೆಂದು ಹೆಸರಾದರು. 1995ರಲ್ಲಿ ಅವರ ಸಂಪಾದಕತ್ವದಲ್ಲಿ ಆ ನಗರದ ವಿಶ್ವಕೋಶವೇ ಹೊರಬಂತು.

ಅವರ ಮೊದಲ ಪುಸ್ತಕ 1967ರದ್ದು. ವಸ್ತು, ನಗರಗಳಲ್ಲಿ ಕು ಕ್ಲಕ್ಸ್ ಕ್ಲಾನ್. ಮುಖಕ್ಕೆ ಬಿಳಿ ಮುಸುಕು ಹಾಕಿಕೊಂಡು ಕಪ್ಪು ಜನರನ್ನೂ ಕ್ಯಾಥೊಲಿಕರನ್ನೂ ಯಹೂದಿಗಳನ್ನೂ ಬೆದರಿಸುತ್ತಿದ್ದ ಈ ಸಂಘಟನೆ ಹಳ್ಳಿಗಾಡಿನ ಅನಕ್ಷರಸ್ಥರದ್ದು ಎಂಬ ನಂಬಿಕೆ ಆಗ ಬಲವಾಗಿತ್ತು. 1920ರ ದಶಕದ ಕ್ಲಾನ್ ಶಿಕಾಗೋ, ಇಂಡಿಯಾನಾಪೊಲಿಸ್, ಡೆಟ್ರಾಯಿಟ್, ಡೆನ್ವರ್‌ನಂಥ ನಗರಗಳಲ್ಲಿಯೂ ಬೇರು ಬಿಟ್ಟಿತ್ತೆಂದು ಜ್ಯಾಕ್ಸನ್ ತೋರಿಸಿದರು. ಪಕ್ಕದ ಬೀದಿಗೆ ಹೊಸಬರು ಬರುತ್ತಿದ್ದಾರೆಂದು ದಿಗಿಲುಗೊಂಡ ಸಾಮಾನ್ಯ ಜನರೇ ಅದರ ಬಲ. ನಗರಕ್ಕೆ ಬಂದರೆ, ಓದು ಕಲಿತರೆ ದ್ವೇಷ ತಾನಾಗಿ ಕರಗುತ್ತದೆಂದು ನಂಬಿದ ನಮ್ಮಂಥವರಿಗೆ ಇದು ಕಹಿ ಪಾಠ.

ಮುಸುಕಿನವರಿಂದ ಅವರ ಗಮನ ಮುಂದೆ ಕಚೇರಿಯವರತ್ತ ಹೊರಳಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಳ್ಳುತ್ತಿದ್ದವರ ನೆರವಿಗೆಂದು ಅಮೆರಿಕದ ಸರಕಾರ 1933ರಲ್ಲಿ ಗೃಹಸಾಲದ ನಿಗಮವೊಂದನ್ನು ಸ್ಥಾಪಿಸಿತ್ತು. ಉದ್ದೇಶ ಒಳ್ಳೆಯದೇ. ಆದರೆ ಆ ನಿಗಮ ಇನ್ನೂರಕ್ಕೂ ಹೆಚ್ಚು ನಗರಗಳ ನಕಾಶೆಗಳನ್ನು ಬರೆಸಿ ಬಡಾವಣೆಗಳಿಗೆ ದರ್ಜೆ ಕೊಟ್ಟಿತು. ಹಸಿರು ಎಂದರೆ ಉತ್ತಮ, ನೀಲಿ ಎಂದರೆ ಪರವಾಗಿಲ್ಲ, ಹಳದಿ ಎಂದರೆ ಇಳಿಮುಖ, ಕೆಂಪು ಎಂದರೆ ಅಪಾಯ. ಅಧಿಕಾರಿಗಳು ತುಂಬಿದ ಫಾರಂನಲ್ಲಿ ಮನೆಯ ಗೋಡೆ, ಛಾವಣಿಗಳ ಜೊತೆಗೆ ಅಲ್ಲಿ ವಾಸಿಸುವವರು ಯಾವ ಜನಾಂಗದವರು ಎಂಬುದಕ್ಕೂ ಒಂದು ಜಾಗವಿತ್ತು. ಕಪ್ಪು ಜನರಿದ್ದ ಬಡಾವಣೆಗೆ ಬಹುಮಟ್ಟಿಗೆ ಕೆಂಪೇ ಗತಿ. ರಾಷ್ಟ್ರೀಯ ಪತ್ರಾಗಾರದಲ್ಲಿದ್ದ ಈ ನಕಾಶೆಗಳನ್ನು ಜ್ಯಾಕ್ಸನ್ 1980ರ ಲೇಖನವೊಂದರಲ್ಲಿ ವಿದ್ವಾಂಸರ ಮುಂದಿಟ್ಟರು. 1985ರ ‘ಕ್ರ್ಯಾಬ್‌ಗ್ರಾಸ್ ಫ್ರಾಂಟಿಯರ್’ ಪುಸ್ತಕದಲ್ಲಿ ಅದನ್ನು ಅಮೆರಿಕದ ಉಪನಗರಗಳ ಇಡೀ ಚರಿತ್ರೆಯೊಳಗೆ ಹೆಣೆದರು. ಆ ಪುಸ್ತಕಕ್ಕೆ ಬ್ಯಾಂಕ್ರಾಫ್ಟ್ ಮತ್ತು ಪಾರ್ಕ್‌ಮನ್ ಪ್ರಶಸ್ತಿಗಳೆರಡೂ ಬಂದವು.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಗೋಡೆ. 1934ರಲ್ಲಿ ಸ್ಥಾಪನೆಯಾದ ಫೆಡರಲ್ ಗೃಹ ಆಡಳಿತ ಸಂಸ್ಥೆ ಬ್ಯಾಂಕುಗಳ ಮನೆ ಸಾಲಕ್ಕೆ ಸರಕಾರದ ಖಾತರಿ ಕೊಡುತ್ತಿತ್ತು. ಡೆಟ್ರಾಯಿಟ್‌ನಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗಾಗಿ ಕಟ್ಟಬೇಕೆಂದಿದ್ದ ಬಡಾವಣೆಯ ಪಕ್ಕದಲ್ಲೇ ಕಪ್ಪು ಜನರ ವಸತಿ ಇತ್ತೆಂದು ಖಾತರಿ ಸಿಗಲಿಲ್ಲ. ಅವನು 1941ರಲ್ಲಿ ನಡುವೆ ಅರ್ಧ ಮೈಲಿಯ ಕಾಂಕ್ರೀಟ್ ಗೋಡೆ ಎಬ್ಬಿಸಿದ. ಖಾತರಿ ಸಿಕ್ಕಿತು! ಯುದ್ಧದ ನಂತರ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನಲ್ಲಿ ಎದ್ದ ಲೆವಿಟೌನ್‌ನಲ್ಲಿ 1960ರಲ್ಲಿ 82,000 ನಿವಾಸಿಗಳಿದ್ದರು. ಅವರಲ್ಲಿ ಒಬ್ಬನೇ ಒಬ್ಬ ಕಪ್ಪು ಮನುಷ್ಯನಿರಲಿಲ್ಲ ಎಂದು ಜ್ಯಾಕ್ಸನ್ ದಾಖಲಿಸುತ್ತಾರೆ. ಬಿಳಿಯನಿಗೆ ಅಗ್ಗದ ಸಾಲದಲ್ಲಿ ಸ್ವಂತ ಮನೆಯಾಯಿತು, ಆ ಮನೆಯ ಬೆಲೆ ಏರಿ ಮಕ್ಕಳ ಓದಿಗೆ ಬಂಡವಾಳವಾಯಿತು. ಕಪ್ಪು ಮನುಷ್ಯ ಬಾಡಿಗೆ ಕಟ್ಟುತ್ತಲೇ ಉಳಿದ. ಮನೆ ಮಾರಾಟ, ಬಾಡಿಗೆ, ಸಾಲಗಳಲ್ಲಿ ಜನಾಂಗ ನೋಡುವುದನ್ನು ಕಾನೂನು ನಿಷೇಧಿಸಿದ್ದು 1968ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಇದನ್ನೆಲ್ಲ ದೂರದ ಅಮೆರಿಕದ ಕತೆಯೆಂದು ಬದಿಗಿಡಲು ನನ್ನಿಂದಾಗಲಿಲ್ಲ. ಹತ್ತು ವರ್ಷಗಳ ಹಿಂದೆ ಮನೆ ಸಾಲಕ್ಕಾಗಿ ನಾನೊಂದು ಬ್ಯಾಂಕಿಗೆ ಹೋಗಿದ್ದೆ. ಸಂಬಳದ ಚೀಟಿ, ತೆರಿಗೆ ರಸೀದಿ ಎಲ್ಲ ಸರಿಯಿತ್ತು. ಮೇಜಿನ ಆಚೆಗಿದ್ದ ಹುಡುಗ ವಿನಯವಂತ, ಚಹಾ ಕೂಡ ತರಿಸಿದ. ಮನೆ ಇರುವ ಮೊಹಲ್ಲಾದ ಹೆಸರು ಹೇಳಿದಾಗ ಕಂಪ್ಯೂಟರಿನಲ್ಲಿ ಏನೋ ನೋಡಿ, “ಸಾರ್, ಆ ಏರಿಯಾಗೆ ನಾವು ಕೊಡೋದಿಲ್ಲ” ಎಂದ. ಯಾಕೆಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಕೈಗೆ ಒಂದು ಚೀಟಿಯೂ ಬರಲಿಲ್ಲ. ಮನೆಗೆ ಬಂದು ಹೇಳಿದಾಗ ನಮ್ಮ ಚಾಚಾ, “ಜಾನೇ ದೋ ಬೇಟಾ, ನಸೀಬು” ಎಂದರು.

ಆದರೆ ಅದು ನಸೀಬೇ? ದೇಶದ ಮುಸ್ಲಿಮರ ಸ್ಥಿತಿಗತಿಯ ಬಗ್ಗೆ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿಯಲ್ಲಿ ಇದಕ್ಕೆ ಉತ್ತರವಿದೆ. ಮುಸ್ಲಿಮರು ಹೆಚ್ಚಾಗಿರುವ ಹಲವು ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ‘ನೆಗೆಟಿವ್’ ವಲಯಗಳೆಂದು ಗುರುತಿಸಿರುವುದನ್ನೂ, ಅಲ್ಲಿ ಸಾಲ ಸುಲಭವಾಗಿ ದೊರೆಯದಿರುವುದನ್ನೂ ಆ ವರದಿ ಹೇಳುತ್ತದೆ. ಅಮೆರಿಕದ ಚರಿತ್ರೆ, ನಮ್ಮ ಚರಿತ್ರೆ ಒಂದೇ ಅಲ್ಲ. ಜನಾಂಗ ಬೇರೆ, ಕೋಮು ಬೇರೆ, ಕಾನೂನು ಬೇರೆ. ಆದರೂ ಮನುಷ್ಯನನ್ನು ನೋಡದೆ ಅವನ ಬೀದಿಯನ್ನು ನೋಡಿ ತೀರ್ಪು ಕೊಡುವ ವಿದ್ಯೆ ಎರಡೂ ಕಡೆ ಒಂದೇ. “ಇವರು ತಮ್ಮವರ ನಡುವೆಯೇ ಗುಂಪಾಗಿ ಇರುತ್ತಾರೆ, ಇವರ ಕೇರಿ ಯಾವತ್ತೂ ಕೊಳಕು” ಎನ್ನುವವರು ಆ ಗುಂಪಿಗೆ ಬೇಲಿ ಹಾಕಿದ ಕಾಗದವನ್ನೂ ಒಮ್ಮೆ ಓದಬೇಕು.

ಜ್ಯಾಕ್ಸನ್‌ರ ವಾದವನ್ನು ಮುಂದಿನ ವಿದ್ವಾಂಸರು ತಿದ್ದಿದ್ದಾರೆ. ಫಿಲಡೆಲ್ಫಿಯಾವನ್ನು ಅಧ್ಯಯನ ಮಾಡಿದ ಏಮಿ ಹಿಲಿಯರ್, ನಿಗಮದ ನಕಾಶೆಗಳು ಎಲ್ಲರ ಕೈಗೆ ಸಿಗುತ್ತಿರಲಿಲ್ಲ, ಸಾಲ ಸಿಗದಿದ್ದುದಕ್ಕೆ ಅವನ್ನೇ ಕಾರಣವೆನ್ನಲಾಗದು ಎಂದು 2003ರಲ್ಲಿ ವಾದಿಸಿದರು. ನಿಗಮ ಸ್ವತಃ ಕೆಂಪು ಪ್ರದೇಶಗಳಲ್ಲೂ ಸಾಲ ಕೊಟ್ಟಿತ್ತೆಂಬುದನ್ನು ಜ್ಯಾಕ್ಸನ್ನರೇ ಬರೆದಿದ್ದರು. ದೊಡ್ಡ ಹಾನಿ ಫೆಡರಲ್ ಗೃಹ ಆಡಳಿತದ್ದೆಂಬ ಅಭಿಪ್ರಾಯ ಈಗ ಗಟ್ಟಿಯಾಗಿದೆ. ಇಂಥ ತಿದ್ದುಪಡಿಯಿಂದ ಆ ಜನರ ನೋವು ಸುಳ್ಳಾಗಲಿಲ್ಲ, ಹೊಣೆ ಯಾರದೆಂಬುದು ಇನ್ನಷ್ಟು ಸ್ಪಷ್ಟವಾಯಿತು. ನಕಾಶೆ ಉಳಿದಿದ್ದರಿಂದಲೇ ಈ ಚರ್ಚೆ ಸಾಧ್ಯವಾಯಿತು. ಇಂದು ರಿಚ್ಮಂಡ್ ವಿಶ್ವವಿದ್ಯಾಲಯದವರು ಆ ನಕಾಶೆಗಳನ್ನು ಗಣಕೀಕರಿಸಿ ಯಾರು ಬೇಕಾದರೂ ನೋಡುವಂತೆ ಮಾಡಿದ್ದಾರೆ.

ನಮ್ಮಲ್ಲಿ ನೋವಿಗೆ ಕೊರತೆಯಿಲ್ಲ, ಕಾಗದಕ್ಕೆ ಕೊರತೆ. ಮುಶಾಯಿರಾಗಳಲ್ಲಿ ಅತ್ತದ್ದಿದೆ, ಜಲ್ಸಾಗಳಲ್ಲಿ ಗುಡುಗಿದ್ದಿದೆ. ಮೊಹಲ್ಲಾದ ಚರಂಡಿ ಯಾವ ವರ್ಷ ಬಂತು, ಶಾಲೆಗೆ ಎಷ್ಟು ಸಲ ಅರ್ಜಿ ಹೋಯಿತು, ಎಷ್ಟು ಮಂದಿಗೆ ಸಾಲ ಸಿಗಲಿಲ್ಲ ಎಂಬ ಪಟ್ಟಿ ಯಾರ ಕಪಾಟಿನಲ್ಲಿದೆ? ನಮ್ಮ ಜಮಾತುಗಳು ನಿಕಾಹ್‌ನ ದಫ್ತರವನ್ನು ಎಷ್ಟು ಜತನದಿಂದ ಕಾಯುತ್ತವೆ! ಅದರ ಪಕ್ಕದಲ್ಲೇ ಇನ್ನೊಂದು ದಫ್ತರ ಇಡುವುದು ಕಷ್ಟವೇನಲ್ಲ. ಬ್ಯಾಂಕಿನವರು ಬಾಯಲ್ಲಿ ಇಲ್ಲವೆಂದರೆ ಬರೆದುಕೊಡಿ ಎಂದು ಕೇಳೋಣ. ಕೊಡದಿದ್ದರೆ ದಿನಾಂಕವನ್ನಾದರೂ ನಾವೇ ಬರೆದಿಡೋಣ. ನಾಳೆ ಯಾವನೋ ಒಬ್ಬ ವಿದ್ಯಾರ್ಥಿ, ಅವನು ನಮ್ಮವನೇ ಆಗಬೇಕೆಂದೇನಿಲ್ಲ, ಅದನ್ನು ತೆರೆದು ಓದುತ್ತಾನೆ.