ಖಾಲಿ ಕೊಳವೆ

ದೊಡ್ಡಬೆಳವಂಗಲದ ನಮ್ಮ ಮನೆ ಜಗುಲಿಯಲ್ಲಿ ಕೂತು, ಅಮ್ಮನ ರೇಷ್ಮೆ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದು ದೂರದ ಬೀದಿದೀಪ ನೋಡಿದರೆ ಒಂದೇ ದೀಪ ಹತ್ತಾಗಿ ಕಾಣುತ್ತಿತ್ತು. ನಡುವೆ ಒಂದು, ಅದರ ನಾಲ್ಕು ಕಡೆಗೂ ಚುಕ್ಕಿಯ ಸಾಲು. ಅಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಕೆಲಸಕ್ಕೆ ಹೋಗುತ್ತಿದ್ದರು. "ನೇಯ್ಗೆ ಒತ್ತಾದಷ್ಟೂ ಚುಕ್ಕಿ ದೂರ ದೂರ ಹೋಗ್ತವೆ, ನೋಡವ್ವ" ಎಂದು ಎರಡು ಬಟ್ಟೆ ಹಿಡಿದು ತೋರಿಸಿದ್ದರು. ಫಿಲಡೆಲ್ಫಿಯಾದ ಡೇವಿಡ್ ರಿಟನ್‌ಹೌಸ್ 1786ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಅವನ ಸ್ನೇಹಿತನೊಬ್ಬ ರೇಷ್ಮೆ ಕರ್ಚೀಫಿನೊಳಗಿಂದ ಬೀದಿದೀಪ ನೋಡಿ, ಇದೇನೆಂದು ಕೇಳಿದ್ದನಂತೆ.

ಮುಂದೆ ನಾನು ಪಿಎಚ್‌.ಡಿ.ಗೆ ಹಿಡಿದ ಕ್ಷ-ಕಿರಣ ಚದುರಿಕೆಯೂ ಅದೇ ವಿದ್ಯೆ. ದೀಪದ ಜಾಗದಲ್ಲಿ ಕ್ಷ-ಕಿರಣ, ಸೆರಗಿನ ಜಾಗದಲ್ಲಿ ಔಷಧ ಹೊತ್ತ ಲಿಪಿಡ್ ನ್ಯಾನೊಕಣ. ಆರ್‌ಎನ್‌ಎ ಔಷಧವನ್ನು ಹಾಗೇ ರಕ್ತಕ್ಕೆ ಬಿಟ್ಟರೆ ಬೇಗ ಚೂರಾಗಿಹೋಗುತ್ತದೆ; ಅದಕ್ಕೇ ಕೊಬ್ಬಿನಂಥ ಲಿಪಿಡ್‌ಗಳಲ್ಲಿ ಸುತ್ತಿ ಕಳಿಸಬೇಕು. ಹೀಗೆ ಸುತ್ತಿದ ಪಾಟಿಸಿರಾನ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳು ಬಂದ ಮೇಲೆ ಲಿಪಿಡ್ ನ್ಯಾನೊಕಣದ ಹೆಸರು ಎಲ್ಲರಿಗೂ ತಿಳಿಯಿತು. ಕಣದೊಳಗೆ ಲಿಪಿಡ್ಡೂ ಆರ್‌ಎನ್‌ಎಯೂ ಹೇಗೆ ಪದರಗಟ್ಟಿವೆ ಎಂಬುದನ್ನು ಕಣ ಒಡೆಯದೆ ಹೇಳಬಲ್ಲದ್ದು ಈ ಚದುರಿಕೆ.

ಬೆಂಗಳೂರಿಗೆ ಇಂಥ ಕೆಲಸ ಹೊಸದಲ್ಲ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ತಟ್ಟೆಯಂಥ ಅಣುಗಳು ಕಂಬಕಂಬವಾಗಿ ಪೇರಿಕೊಂಡು ದ್ರವಸ್ಫಟಿಕವಾಗುತ್ತವೆಂದು ತೋರಿಸಿದಾಗ ಕ್ಷ-ಕಿರಣವೇ ಸಾಕ್ಷಿಯಾಗಿತ್ತು. ಅಂಥದ್ದೊಂದು ಚಿತ್ರ ನನ್ನ ಕೈಯಿಂದಲೂ ಬರಬೇಕೆಂಬ ಆಸೆ ನನಗೆ ಬಲವಾಗಿತ್ತು. ಆಸೆ ತಪ್ಪಲ್ಲ. ಆದರೆ ಒಂದು ಸಂಜೆ ನಾನು ಮಾಡಿದ್ದು ತಪ್ಪು.

ಅಳೆಯುವ ಕ್ರಮ ಹೀಗೆ: ಮೊದಲು ಸಿಲ್ವರ್ ಬೆಹೆನೇಟ್ ಎಂಬ ಪುಡಿಯಿಟ್ಟು ಉಪಕರಣದ ಅಳತೆ ಸರಿಮಾಡಬೇಕು. ಅದರ ಪದರಗಳ ಅಂತರ 5.838 ನ್ಯಾನೊಮೀಟರ್, ಎಲ್ಲೆಲ್ಲೂ ಒಂದೇ. ಆಮೇಲೆ ಕೂದಲೆಳೆಯಂಥ ಗಾಜಿನ ಕೊಳವೆಯನ್ನು ಖಾಲಿಯಾಗಿ ಅಳೆಯಬೇಕು, ಬಳಿಕ ಬರೀ ದ್ರಾವಣ ತುಂಬಿ, ಕಡೆಗೆ ಕಣಗಳೊಂದಿಗೆ. ಖಾಲಿ ಕೊಳವೆಗೇ ಅರ್ಧ ಗಂಟೆ ಹಿಡಿಯುತ್ತದೆ. ಆ ಸಂಜೆ ಊರಿಗೆ ಕೊನೇ ಬಸ್ಸು ತಪ್ಪುತ್ತದೆಂದು ಅದನ್ನೂ ದ್ರಾವಣವನ್ನೂ ಬಿಟ್ಟು, ಹಿಂದಿನ ವಾರದ ಫೈಲುಗಳನ್ನೇ ಆ ಜಾಗಕ್ಕೆ ಹಾಕಿದೆ. ನೋಟ್‌ಬುಕ್ಕಿನಲ್ಲಿ ಮಾತ್ರ ಎರಡನ್ನೂ ಅಂದೇ ಅಳೆದಂತೆ ತಾರೀಖು ಬರೆದೆ.

ತೆರೆಯ ಮೇಲೆ ಸೂಜಿಯಂಥ ಶಿಖರ ಎದ್ದಿತು. ಅದರ ಹಿಂದೆ ಸಮ ಅಂತರದಲ್ಲಿ ಎರಡನೆಯದು, ಮೂರನೆಯದು. ಅಂಥ ಕಟ್ಟುನಿಟ್ಟಾದ ಪದರ! ಗೈಡ್‌ಗೆ ಫೋನ್ ಮಾಡಿ "ಸಿಕ್ಕಿತು ಸರ್" ಎಂದೆ. ಅಂತರ ಐದು ಪಾಯಿಂಟ್ ಎಂಟು ನ್ಯಾನೊಮೀಟರ್. ನೋಟ್‌ಬುಕ್ಕಿನಲ್ಲಿ "ಸುಮಾರು 6" ಎಂದು ಬರೆದೆ, ಏಕೆಂದರೆ ಇಂಥ ಕಣಗಳಲ್ಲಿ ಆರರ ಆಸುಪಾಸಿನ ಶಿಖರ ಬರುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೋಡೆಗೆ ಅಂಟಿಸಿದ ಚೀಟಿಯಲ್ಲಿದ್ದ 5.838ನ್ನು ನಾನು ವಾರವಾರವೂ ಓದುತ್ತಿದ್ದೆ.

ಲೆಕ್ಕವೂ ಎಚ್ಚರಿಸಬೇಕಿತ್ತು. ನೂರು ನ್ಯಾನೊಮೀಟರಿನ ಕಣದಲ್ಲಿ ಆರರ ಪದರ ಹದಿನಾರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಹದಿನಾರು ಎಳೆಯ ಚಿಂದಿಯನ್ನು ಕಣ್ಣಿಗೆ ಹಿಡಿದರೆ ದೀಪದ ಚುಕ್ಕಿ ಮಸಕಾಗಿ ಹರಡುತ್ತದೆ. ಚೂಪಾಗಬೇಕಾದರೆ ನೂರಾರು ಎಳೆ ಬೇಕು. ಇದು ಜಗುಲಿಯ ಮೇಲೆಯೇ ನನಗೆ ತಿಳಿದಿತ್ತು.

ಆ ಶಿಖರವನ್ನು ನಂಬಿ, ಕಣ ತಯಾರಿಸುತ್ತಿದ್ದ ಗೆಳತಿ ನಾಲ್ಕು ತಿಂಗಳು ಲಿಪಿಡ್ ಪ್ರಮಾಣ ಹೆಚ್ಚುಕಡಿಮೆ ಮಾಡುತ್ತ ಕೂತಳು. ನಾನು ಸೆಮಿನಾರಿನಲ್ಲಿ ಮಾತಾಡಿದೆ. ಸಮ್ಮೇಳನವೊಂದಕ್ಕೆ ಸಾರಾಂಶವೂ ಹೋಯಿತು. ಕೊನೆಗೆ ಒಬ್ಬ ಜೂನಿಯರ್ ಹುಡುಗ ನನ್ನ ಕೊಳವೆಯನ್ನು ತೊಳೆದು, ಏನೂ ತುಂಬದೆ ಅಳೆದ. ಮೂರೂ ಶಿಖರ ಅಲ್ಲೇ ಇದ್ದವು! "ಮೇಡಂ, ಒಂದ್ಸಲ ಬರ್ತೀರಾ?" ಎಂದು ಮೆಲ್ಲಗೆ ಕರೆದ. ಗ್ಲೌಸಿಗೆ ಅಂಟಿದ ಸಿಲ್ವರ್ ಬೆಹೆನೇಟಿನ ಚೂರು ಗಾಜಿನ ಹೊರಮೈಗೆ ಹತ್ತಿತ್ತು. ಒಳಗೆ ತೊಳೆದರೆ ಹೋಗುವಂಥದ್ದಲ್ಲ.

ಗೈಡ್‌ಗೆ ಪುಡಿಯ ವಿಷಯ ಹೇಳುವುದು ಸುಲಭವಾಯಿತು; ಅದು ಯಾರಿಗೂ ಆಗಬಹುದಾದ ಅವಘಡ. ಹಳೇ ಫೈಲಿಗೆ ಹೊಸ ತಾರೀಖು ಬರೆದದ್ದನ್ನು ಹೇಳಲು ಎರಡು ದಿನ ಬೇಕಾಯಿತು. ಅವರು ಕೂಗಾಡಲಿಲ್ಲ. ಸಾರಾಂಶ ಹಿಂತೆಗೆಯುವ ಪತ್ರವನ್ನು ನನ್ನ ಕೈಯಲ್ಲೇ ಬರೆಸಿದರು.

ಹೊಸ ಕೊಳವೆಯಲ್ಲಿ ಮತ್ತೆ ಅಳೆದಾಗ ಕಂಡದ್ದು ಒಂದೇ ಒಂದು ತಗ್ಗು ದಿಣ್ಣೆ, ಅಗಲವಾಗಿ, ಅಂಚು ಮಸಕಾಗಿ. ಗೆಳತಿಯ ಕಣಗಳ ನಿಜವಾದ ರೂಪ ಅದು. ಅವಳು ಬಹಳ ಹೊತ್ತು ನೋಡಿದಳು. "ಮೊದಲಿನ ಬ್ಯಾಚೇ ಚೆನ್ನಾಗಿತ್ತಲ್ವಾ ಹಾಗಾದ್ರೆ?" ಎಂದಳು. ಹೂಂ ಎಂದೆ. ಫ್ರಿಜ್‌ನಿಂದ ನಾಲ್ಕು ತಿಂಗಳ ಸೀಸೆಗಳನ್ನು ಒಂದೊಂದಾಗಿ ತೆಗೆದು ಚೀಟಿ ಓದುತ್ತ ಹೋದಳು. ನಾನು ಟ್ರೇ ಹಿಡಿದು ನಿಂತಿದ್ದೆ.